ದವಡೆ ಮಾವ

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರು ನಿಮ್ಮ ಗದ್ದವನ್ನೇ ದಿಟ್ಟಿಸುತ್ತಿದ್ದರೆ ಗಾಬರಿಯಾಗಬೇಡಿ, ಅವರೇ ದವಡೆ ಮಾವ. ರಿಟೈರಾಗುವವರೆಗೆ ದಂತವೈದ್ಯಕ್ಕೂ ಅವರಿಗೂ ಇದ್ದ ನಂಟೆಂದರೆ, ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಅಷ್ಟೇ. ಟಿ. ನರಸೀಪುರದ ಅಕ್ಕನ ಮಗಳಿಗೆ ಕೆಳದವಡೆ ಮುಂದಿದೆ, ಆಪರೇಷನ್ ಬೇಕಾಗಬಹುದು ಎಂದು ಮೈಸೂರಿನ ಡಾಕ್ಟರು ಹೇಳಿದ್ದೇ ತಡ, ಮಾವ ಮೊಬೈಲು ಹಿಡಿದು ದವಡೆ ಆಪರೇಷನ್ನಿನ ವಿಡಿಯೋ ನೋಡಲು ಕೂತರು. ಈಗ ಶ್ರೀಕಂಠೇಶ್ವರನ ದರ್ಶನಕ್ಕೂ ಮೊದಲು ದವಡೆ ದರ್ಶನ.

ಯಾವುದು ಒಳ್ಳೆಯ ವಿಡಿಯೋ? ರೋಗಿ ಅತ್ತರೆ ಒಳ್ಳೆಯದು, ಹಿಂದೆ ಪಿಟೀಲಿದ್ದರೆ ಇನ್ನೂ ಒಳ್ಳೆಯದು. ಡಾಕ್ಟರು ಬಂದು ಎಕ್ಸ್‌ರೇ ತೋರಿಸಿದರೆ ಬೋರು. 'ಮೊದಲು' ಫೋಟೋದಲ್ಲಿ ಹುಡುಗಿ ಟ್ಯೂಬ್‌ಲೈಟಿನ ಕೆಳಗೆ ಮುಖ ಗಂಟಿಕ್ಕಿರುತ್ತಾಳೆ. 'ಆಮೇಲೆ'ಗೆ ಲಿಪ್‌ಸ್ಟಿಕ್ಕು, ಸಂಜೆಬಿಸಿಲು. ಅರ್ಧ ಆಪರೇಷನ್ ಬೆಳಕೇ ಮಾಡಿರುತ್ತದೆ ಎಂದು ನನಗೆ ಗುಮಾನಿ. ಎರಡು ಫೋಟೋಗಳ ನಡುವೆ ವರ್ಷಕ್ಕೂ ಮೇಲೆ ಹಲ್ಲಿಗೆ ಹಾಕಿಕೊಂಡ ಕ್ಲಿಪ್ಪು, ದವಡೆ ಕೊಯ್ದು ಸರಿಸಿ ಕೂರಿಸಿದ ಟೈಟಾನಿಯಂ ಪ್ಲೇಟು, ಎರಡು ಮೂರನೆಯ ದಿನಕ್ಕೆ ಕುಂಬಳಕಾಯಿಯಾದ ಮುಖ, ವಾರಗಟ್ಟಲೆಯ ಗಂಜಿ, ಎಲ್ಲ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟನ್ನೂ ಮಾವ ಎರಡು ಸಲ ಒತ್ತಿ ಓಡಿಸುತ್ತಾರೆ. 'ಯಾರೂ ಮಾಡಿಸ್ಕೋಬೇಡಿ' ಎಂದು ಗೋಳಾಡುವ ವಿಡಿಯೋ ಸಿಕ್ಕರೆ ಅದೂ ರಾತ್ರಿ ಹನ್ನೊಂದಕ್ಕೆ ಫ್ಯಾಮಿಲಿ ಗ್ರೂಪಿಗೆ; ನರಸೀಪುರದಲ್ಲಿ ಅಕ್ಕನಿಗೆ ನಿದ್ದೆಯಿಲ್ಲ.

ಒಮ್ಮೆ ನರಸೀಪುರದ ಬಸ್ಸಿನಲ್ಲಿ ಕಂಡಕ್ಟರನ ಮುಖ ನೋಡಿ, "ನಿಂಗೆ ಲೆ ಫೋರ್ಟ್ ಒನ್ ಆಗ್ಬೇಕು ಕಣಪ್ಪ" ಅಂದರು. ರೆನೆ ಲೆ ಫೋರ್ಟ್ ಎಂಬ ಫ್ರೆಂಚ್ ವೈದ್ಯ 1901ರಲ್ಲಿ ಮುಖದ ಮೂಳೆಗಳು ಒಡೆಯುವ ಗೆರೆಗಳನ್ನು ಗುರುತಿಸಿದ. ಮೇಲ್ದವಡೆಯ ಆಪರೇಷನ್ನಿಗೆ ಇಂದಿಗೂ ಅವನದೇ ಹೆಸರು. ಕಂಡಕ್ಟರನಿಗೇನು ಗೊತ್ತು, "ಅಲ್ಲಿ ಸ್ಟಾಪಿಲ್ಲ ಸಾರ್" ಅಂದ.

ಅವತ್ತು ಮಾವನ ಚೀಲದಲ್ಲಿ ರಸಬಾಳೆಯಿತ್ತು, ಆಪರೇಷನ್ ಆದಮೇಲೆ ಹಿಸುಕಿ ತಿನ್ನುವ ಅಭ್ಯಾಸವಾಗಲಿ ಅಂತ. ನರಸೀಪುರ ತಲುಪಿದ ಮೇಲೆ ಅಕ್ಕನ ಮಗಳು ಹಣ್ಣು ಸುಲಿಯುತ್ತಾ ಕೇಳಿದಳು:

"ಮಾವ, ಕೆಳದವಡೆ ಒಳಗೇ ನರ ಹೋಗುತ್ತಂತೆ. ತುಟಿ ಜೋಮು ಹಿಡಿಯುತ್ತಂತೆ, ಕೆಲವರಿಗೆ ಪೂರ್ತಿ ಹೋಗೋದೇ ಇಲ್ವಂತೆ. ನಿಮ್ಮ ವಿಡಿಯೋದವರು ಏನಂತಾರೆ?"

ಮಾವ ಗದ್ದ ನೀವಿಕೊಂಡರು. "ಅದು ಎರಡನೇ ಭಾಗದಲ್ಲಿ ಬರುತ್ತೆ ಕಣವ್ವ."

"ಯಾವಾಗ?"

"ಮೂರು ವರ್ಷದಿಂದ ಹಾಕಿಲ್ಲ. ನೀನು ಸಬ್‌ಸ್ಕ್ರೈಬ್ ಮಾಡಿಟ್ಕೊ."