ಎರಡು ಬಿಘಾ, ಇಪ್ಪತ್ತಾರು ಗುಂಟೆ

ಬಿಘಾ ಅನ್ನುವುದು ಮಹಾ ಚಂಚಲ ಅಳತೆ, ಸೀಮೆಗೊಂದು ಥರ. ಬಂಗಾಳದ ಲೆಕ್ಕ ಹಿಡಿದರೆ ಎರಡು ಬಿಘಾ ಅಂದರೆ ನಮ್ಮ 26 ಗುಂಟೆ, ಮೇಲೊಂದಿಷ್ಟು ಚಿಲ್ಲರೆ. ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ (1953) ನೋಡುತ್ತ ಕೂತವನು ಅಳುವುದು ಬಿಟ್ಟು ಈ ಗುಣಾಕಾರಕ್ಕೆ ಇಳಿದೆ. ಬೆಂಗಳೂರಿನ ಸಹವಾಸದೋಷ: ಗುಂಟೆ ಅಂದ ಕೂಡಲೇ ಮನಸ್ಸು ಸೈಟಿಗೆ ಓಡುತ್ತದೆ. ರಸ್ತೆ, ಚರಂಡಿ ಬಿಡದಿದ್ದರೆ ಮೂವತ್ತು-ನಲವತ್ತರ 24 ಸೈಟು! ಪರದೆಯ ಮೇಲೆ ಠಾಕೂರ್ ಹರ್ನಾಮ್ ಸಿಂಗ್ ಆ ಹೊಲವನ್ನು ನೋಡುತ್ತಿದ್ದದ್ದೂ ಹೆಚ್ಚುಕಮ್ಮಿ ಇದೇ ಕಣ್ಣಿನಿಂದ. ಪಟ್ಟಣದ ದುಡ್ಡಿನವರ ಜೊತೆ ಸೇರಿ ಅವನು ಗಿರಣಿ ಕಟ್ಟಬೇಕು. ನಡುವೆ ಶಂಭು ಮಹತೋನ ತುಂಡು ನೆಲ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕೂತಿದೆ.

ವರ್ಗಸಂಘರ್ಷ ಅಂದರೆ ಕೆಂಪು ಬಾವುಟ, ಘೋಷಣೆ ಎಂದುಕೊಂಡು ಬಂದವರಿಗೆ ಇಲ್ಲಿ ಸಿಗುವುದು ಒಂದು ಲೆಕ್ಕದ ಪುಸ್ತಕ. ಕಥೆಯನ್ನೂ ಸಂಗೀತವನ್ನೂ ಕೊಟ್ಟ ಸಲಿಲ್ ಚೌಧುರಿ ಎಡಪಂಥೀಯ ಜನನಾಟ್ಯ ಚಳವಳಿಯವರು. ಭಾಷಣ ಬರೆಯಲು ಬರದವರೇನಲ್ಲ. ಆದರೂ ಶಂಭು ಠಾಕೂರನಿಗೆ ತೀರಿಸಬೇಕಾದ ಸಾಲ 65 ರೂಪಾಯಿ ಅಂದುಕೊಂಡು ಮನೆಯಲ್ಲಿದ್ದದ್ದನ್ನು ಮಾರಿ ಹೊಂದಿಸಿಕೊಂಡು ಹೋದರೆ, ಪುಸ್ತಕ 235 ಅನ್ನುತ್ತದೆ. ಗುಮಾಸ್ತ ಗದರುವುದೇ ಬೇಕಿಲ್ಲ. ಓದು ಬಾರದವನ ಹೆಬ್ಬೆಟ್ಟಿನ ಮೇಲೆ ಅಂಕಿ ತಾನಾಗಿ ಮರಿ ಹಾಕುತ್ತದೆ. ಸಾಲ ತೀರಿಸಲು ಕೋರ್ಟು ಮೂರು ತಿಂಗಳ ಗಡುವು ಕೊಡುತ್ತದೆ. ಅಪ್ಪ ಕಲ್ಕತ್ತೆಯ ರೈಲು ಹತ್ತಿದರೆ ಮಗ ಕನ್ಹಯ್ಯ ಕದ್ದುಮುಚ್ಚಿ ಹಿಂದೆಯೇ ಹತ್ತಿರುತ್ತಾನೆ.

ಶಂಭುವಾದ ಬಲರಾಜ್ ಸಾಹ್ನಿ ಲಾಹೋರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಶಾಂತಿನಿಕೇತನದಲ್ಲಿ ಪಾಠ ಹೇಳಿ, ಲಂಡನ್ನಿನ ಬಿಬಿಸಿಯಲ್ಲಿ ಮಾತಾಡಿ ಬಂದವರು. ಸೂಟು ಹಾಕಿಕೊಂಡು ಎದುರು ನಿಂತ ಈ ಆಸಾಮಿಯನ್ನು ಕಂಡು ಬಿಮಲ್ ರಾಯ್ ತಮ್ಮವರು ಯಾರನ್ನೋ ಕರೆಸಬೇಕಾದಲ್ಲಿ ಯಾರನ್ನೋ ಕರೆಸಿದರೆಂದು ಪೇಚಾಡಿದರಂತೆ. ಬಡವನ ಪಾತ್ರದ ಸಂದರ್ಶನಕ್ಕೂ ಬಡವನಂತೆಯೇ ಬರಬೇಕು ಅನ್ನುವ ನಿಯಮ ಸಾಹ್ನಿಗೆ ತಿಳಿದಿರಲಿಲ್ಲವೇನೋ. ಆಮೇಲೆ ಅವರು ಬೊಂಬಾಯಿಯ ಜೋಗೇಶ್ವರಿಯಲ್ಲಿ ಉತ್ತರದಿಂದ ವಲಸೆ ಬಂದ ಭಯ್ಯಾಗಳ ನಡುವೆ ಸುಳಿದಾಡಿ ಅವರ ನಡಿಗೆ, ರುಮಾಲು ಸುತ್ತುವ ರೀತಿ ಕಲಿತರು. ಕಲ್ಕತ್ತೆಯಲ್ಲಿ ರಿಕ್ಷಾ ಎಳೆದರು. ಅಲ್ಲಿ ಸಿಕ್ಕ ಬಿಹಾರದ ಒಬ್ಬ ನಡುವಯಸ್ಸಿನ ರಿಕ್ಷಾದವನಿಗೆ ಕಥೆ ಹೇಳಿದರೆ ಅವನ ಕಣ್ಣಲ್ಲಿ ನೀರು: ಅವನದೂ ಎರಡು ಬಿಘಾ, ಜಮೀನ್ದಾರನ ಹತ್ತಿರ ಅಡವಿತ್ತು. ಕಷ್ಟಪಟ್ಟು ಬರೆದ ಕಥೆ ಬೀದಿಯಲ್ಲಿ ಪುಕ್ಕಟೆ ನಡೆಯುತ್ತಿತ್ತು!

ಚಿತ್ರದಲ್ಲಿ ನಾನು ಮತ್ತೆ ಮತ್ತೆ ನೋಡುವುದು ರಿಕ್ಷಾ ಓಟವನ್ನು. ಮುನಿಸಿಕೊಂಡು ಮುಂದೆ ಹೋದ ಹೆಣ್ಣನ್ನು ಹಿಡಿಯಲು ಸವಾರ ಅವಸರ ಮಾಡುತ್ತಾನೆ, ಬಾಡಿಗೆ ಏರಿಸುತ್ತಾನೆ. ಮೇಲೆ ಕೂತವನಿಗೆ ಪ್ರಣಯ, ಕೆಳಗೆ ಓಡುವವನಿಗೆ ಜಮೀನು, ಗಾಡಿ ಒಂದೇ. ಸವಾರ ಕೆಟ್ಟವನೇನಲ್ಲ, ಕೊಡುವ ಕೈಯಿನವನು. ಠಾಕೂರನನ್ನು ಬೈಯುವಷ್ಟು ಸಲೀಸಾಗಿ ಅವನನ್ನು ಬೈಯಲಾಗುವುದಿಲ್ಲ, ಏಕೆಂದರೆ ಆ ಸೀಟಿನಲ್ಲಿ ಎರಡಿಂಚು ಜಾಗ ನನ್ನದೂ ಇದೆ. ಚಕ್ರ ಕಳಚುತ್ತದೆ. ಪೆಟ್ಟು ಯಾರಿಗೆ ಬೀಳುತ್ತದೆಂದು ಹೇಳಬೇಕಾಗಿಲ್ಲ.

ಚಿತ್ರಕ್ಕೆ ಮೊತ್ತಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ಬಂತು, 1954ರಲ್ಲಿ ಕಾನ್‌ನಿಂದ ಮನ್ನಣೆ ಬಂತು. ಶಂಭುವಿಗೆ ಜಮೀನು ಬರಲಿಲ್ಲ. ಗಿರಣಿಯ ಬೇಲಿಯೊಳಗಿನ ತನ್ನ ಮಣ್ಣನ್ನು ಅವನು ಒಂದು ಹಿಡಿ ಎತ್ತಿಕೊಂಡರೆ ಕಾವಲುಗಾರ ಅದನ್ನೂ ಬಿಡಿಸುತ್ತಾನೆ. ಠಾಕೂರನೂ ಇಲ್ಲ, ಬಂಡವಾಳಗಾರನೂ ಇಲ್ಲ, ಗದರುವುದಕ್ಕೆ ಇನ್ನೊಬ್ಬ ಬಡವ. ಅವನ ಸಂಬಳ ಎಷ್ಟೋ, ಅದರಲ್ಲಿ ಎಷ್ಟು ಕೈಗೆ ಬರುತ್ತಿತ್ತೋ, ಗುಮಾಸ್ತನನ್ನೇ ಕೇಳಬೇಕು.