ಮಣ್ಣಿನ ಮಗ

“ಮಾವಾ, ನ್ಯೂಜೆರ್ಸಿ ಸಾಕಾಯ್ತು. 22 ವರ್ಷ! ಇನ್ನು ಮದ್ದೂರಲ್ಲೇ ಬೇಸಾಯ. ಎರಡೆಕರೆ ಗದ್ದೆ ನೋಡಿ.”

“ನೋಡೋಣಪ್ಪ. ಅಲ್ಲಿನ ಪೌರತ್ವ ತಗೊಂಡಿದ್ದೀಯಾ?”

“ಹೂಂ. ಆದ್ರೆ ಓಸಿಐ ಕಾರ್ಡಿದೆ, ಜೀವನಪೂರ್ತಿ ವೀಸಾ!”

“ಆ ಕಾರ್ಡಿಟ್ಕೊಂಡು ಫ್ಲಾಟು ಕೊಳ್ಳಬಹುದು, ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ವೋಟೂ ಇಲ್ಲ.”

“ಅಂದ್ರೆ ನಾನು ಮಣ್ಣಿನ ಮಗ ಅಲ್ವಾ?”

(ಹೀಗೆಂದ ಮಣ್ಣಿನ ಮಗ ಜಗಲಿ ಮುಟ್ಟಿದ ಕೈಗೆ ಸ್ಯಾನಿಟೈಸರ್ ಸವರಿಕೊಂಡ. ಅತ್ತೆ ಕೊಟ್ಟ ಮಜ್ಜಿಗೆ ಹಾಗೇ ಇತ್ತು.)

“ಪಿತ್ರಾರ್ಜಿತವಾಗಿ ಬಂದ್ರೆ ಅಡ್ಡಿಯಿಲ್ಲ ಕಣೋ.”

“ಹಾಗಾದ್ರೆ ಅಪ್ಪನ ಗದ್ದೆ?”

“ಅದನ್ನ ಮಾರಿಯೇ ಅಲ್ವೇನೋ ನಿನ್ನ ಎಂ.ಎಸ್.ಗೆ ಕಳಿಸಿದ್ದು? ಈಗಲ್ಲಿ ಲೇಔಟ್ ಎದ್ದಿದೆ. ಬೇಕಾದ್ರೆ ಸೈಟು ತಗೋ, ಚದರಡಿ ಲೆಕ್ಕದಲ್ಲಿ.”