ಹೊರಹೋಗುವವರನ್ನು ತಡೆಯದ ಮಹನೀಯರಿಗೊಂದು ಬಹಿರಂಗ ಪತ್ರ

ಸುಳ್ಳು ವಿಳಾಸ ಹೊತ್ತ ಪ್ಯಾಕೆಟ್‌ಗಳನ್ನು ಇಂದಿಗೂ ಸಗೌರವವಾಗಿ ಬೀಳ್ಕೊಡುತ್ತಿರುವ ಅಂತರಜಾಲ ಸೇವಾದಾತ ಸಂಸ್ಥೆಗಳಿಗೆ,

ಮಾನ್ಯರೇ,

ಗ್ರಾಹಕನ ಕಂಪ್ಯೂಟರಿನಿಂದ ಹೊರಡುವ ಪ್ರತಿಯೊಂದು ಪ್ಯಾಕೆಟ್, ಅಂದರೆ ದತ್ತಾಂಶದ ತುಣುಕು, ಕಳುಹಿಸಿದವರದೊಂದು, ತಲುಪಬೇಕಾದವರದೊಂದು ಎಂದು ಎರಡು ಐಪಿ ವಿಳಾಸಗಳನ್ನು ಹೊತ್ತಿರುತ್ತದೆ. ಎರಡನೆಯದನ್ನು ಓದದೆ ಯಾವ ರೂಟರೂ ಅದನ್ನು ಮುಂದಕ್ಕೆ ಸಾಗಿಸುವುದಿಲ್ಲವಾದರೂ, ಮೊದಲನೆಯದು ನಿಜವೋ ಸುಳ್ಳೋ ಎಂದು ವಿಚಾರಿಸುವುದು ಮಾನ್ಯ ಸೇವಾದಾತರ ದೃಷ್ಟಿಯಲ್ಲಿ ಗ್ರಾಹಕನಿಗೆ ಮಾಡುವ ಅವಮಾನವೆಂದು ಕಾಣುತ್ತದೆ. ಯಾವ ಗ್ರಾಹಕನಿಗೆ ಯಾವ ವಿಳಾಸ ಕೊಡಲಾಗಿದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ತಿಂಗಳ ಬಿಲ್ಲು ಕಳುಹಿಸುವಾಗ ಈ ಬಗ್ಗೆ ಅವರಿಗೆ ಸಂದೇಹ ಮೂಡಿದ್ದು ಅಪರೂಪ.

ಈ ಔದಾರ್ಯಕ್ಕೆ ದೀರ್ಘ ಪರಂಪರೆಯಿದೆ. 1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಸಂಸ್ಥೆಯ ಸರ್ವರುಗಳು ಸುಳ್ಳು ವಿಳಾಸಗಳಿಂದ ಬಂದ ಸಂಪರ್ಕದ ಕೋರಿಕೆಗಳಿಗೆ ಉತ್ತರ ಕಳುಹಿಸಿ, ಎಂದೂ ಬಾರದ ಮರುತ್ತರಕ್ಕಾಗಿ ಕಾಯುತ್ತ, ನಿಜವಾದ ಬಳಕೆದಾರರಿಗೆ ಎಡೆಯೇ ಇಲ್ಲದಂತಾಗಿ ದಿನಗಟ್ಟಲೆ ತತ್ತರಿಸಿದವು. ಸೇವಾ ನಿರಾಕರಣೆ ದಾಳಿಗಳಲ್ಲಿ ಈ ಬಗೆಯದನ್ನು ಸಿನ್ ಪ್ರವಾಹ ಎನ್ನುತ್ತಾರೆ. 2000ದ ಮೇ ತಿಂಗಳಲ್ಲಿ ಪಾಲ್ ಫರ್ಗ್ಯುಸನ್ ಮತ್ತು ಡೇನಿಯಲ್ ಸೆನೀ ರಚಿಸಿದ, ಬಿಸಿಪಿ 38 ಎಂದು ಪ್ರಸಿದ್ಧವಾದ ಆರ್‌ಎಫ್‌ಸಿ 2827 ಎಂಬ ದಾಖಲೆಯು, ಗ್ರಾಹಕನಿಗೆ ಕೊಡದ ಮೂಲವಿಳಾಸ ಹೊತ್ತ ಪ್ಯಾಕೆಟ್ಟನ್ನು ಅವನಿಂದ ಬಂದೆಡೆಯಲ್ಲೇ ಕೈಬಿಡಬೇಕೆಂದು ಸೇವಾದಾತನಿಗೆ ಸರಳವಾಗಿ ಸೂಚಿಸಿತು. ಓದಲು ಅರ್ಧ ಗಂಟೆ ಸಾಕಾಗುವ ಈ ದಾಖಲೆಯನ್ನು ಕೆಲವು ಸಂಸ್ಥೆಗಳು ಕಾಲು ಶತಮಾನದಿಂದ ಗಾಢವಾಗಿ ಅಧ್ಯಯನ ಮಾಡುತ್ತಲೇ ಇವೆ.

ಅಧ್ಯಯನದ ಫಲ 2018ರ ಫೆಬ್ರವರಿ 28ರಂದು ತಂತ್ರಾಂಶ ಸಂಕೇತಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ದೊರೆಯಿತು. ಪದೇಪದೇ ಬೇಕಾಗುವ ಮಾಹಿತಿಯನ್ನು ಮೆಮೊರಿಯಲ್ಲಿಟ್ಟು ತ್ವರಿತವಾಗಿ ಒದಗಿಸುವ ಮೆಮ್‌ಕ್ಯಾಶ್‌ಡಿ ಎಂಬ ತಂತ್ರಾಂಶವು ಒಳಜಾಲದ ಬಳಕೆಗೆಂದೇ ರೂಪುಗೊಂಡದ್ದಾದರೂ, ಅನೇಕರು ಅದನ್ನು ಪಾಸ್‌ವರ್ಡಿನ ಹಂಗಿಲ್ಲದೆ ಲೋಕಕ್ಕೆಲ್ಲ ತೆರೆದಿಟ್ಟಿದ್ದರು. ದಾಳಿಕೋರರು ಗಿಟ್‌ಹಬ್‌ನ ವಿಳಾಸವನ್ನೇ ತಮ್ಮದೆಂದು ಬರೆದು ಇಂಥ ಸರ್ವರುಗಳಿಗೆ ಚಿಕ್ಕ ಕೋರಿಕೆಗಳನ್ನು ಕಳುಹಿಸಿದರು. ಕೇಳದವನ ಮನೆಗೆ ಉತ್ತರಗಳು ಹರಿದುಬಂದವು. ಕೇವಲ 15 ಬೈಟಿನ ಕೋರಿಕೆಗೆ 750 ಕಿಲೋಬೈಟಿನಷ್ಟು ಉತ್ತರ ಬಂದ ನಿದರ್ಶನವಿದೆ, ಅಂದರೆ ಐವತ್ತು ಸಾವಿರ ಪಟ್ಟಿಗೂ ಮಿಗಿಲು. ಪ್ರವಾಹವು ಸೆಕೆಂಡಿಗೆ 1.35 ಟೆರಾಬಿಟ್ ಮುಟ್ಟಿ ಗಿಟ್‌ಹಬ್ ಕೆಲವು ನಿಮಿಷ ಕೈಗೆ ಸಿಗದಾಯಿತು. ಬರುವ ದಟ್ಟಣೆಯನ್ನೆಲ್ಲ ಅಕಮಾಯ್ ಸಂಸ್ಥೆಯ ವಿಶಾಲ ಜಾಲಕ್ಕೆ ತಿರುಗಿಸಿ, ಅಲ್ಲಿ ಸೋಸಿದ ಮೇಲಷ್ಟೇ ಅದು ಚೇತರಿಸಿಕೊಂಡಿತು. ಅಷ್ಟು ವಿಶಾಲ ಜಾಲದ ಆಸರೆ ಎಲ್ಲರಿಗೂ ದಕ್ಕುವಂಥದಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಈ ಉದ್ಯಮದ ಅರ್ಥಶಾಸ್ತ್ರವನ್ನು ಅಡಕವಾಗಿ ಹೇಳುತ್ತದೆ: ಸುಳ್ಳು ವಿಳಾಸಗಳನ್ನು ಸೋಸುವ ಖರ್ಚು ಸೇವಾದಾತನದು, ಲಾಭ ಅಪರಿಚಿತನದು, ಆದ್ದರಿಂದ ಸೋಸದಿರುವುದೇ ವಿವೇಕ.

ಇತ್ತ ಪೆಟ್ಟು ತಿಂದವನಿಗೆ ಉಪದೇಶಕ್ಕೆ ಬರವಿಲ್ಲ. ಒಂದೇ ವಿಳಾಸದಿಂದ ಬರುವ ಕೋರಿಕೆಗಳಿಗೆ ಮಿತಿ ಹೇರು, ಸಿನ್ ಪ್ರವಾಹ ತಡೆಯಲು ಸಿನ್ ಕುಕಿಗಳನ್ನು ಬಳಸು, ಅರ್ಧ ವಾಕ್ಯ ಹೇಳಿ ಸಂಪರ್ಕ ಹಿಡಿದು ಕೂರುವ ಸ್ಲೋಲೋರಿಸ್‌ನಂಥ ದಾಳಿಗೆ ಕಾಯುವ ಅವಧಿಯನ್ನು ಕಡಿಮೆ ಮಾಡು ಎಂಬ ಸಲಹೆಗಳೆಲ್ಲ ಸರಿಯಾದವೇ. ಮಿರಾಯ್‌ನಂಥ ಬಾಟ್‌ಜಾಲಗಳು, ಅಂದರೆ ದಾಳಿಕೋರರ ವಶವಾದ ಸಾಧನಗಳ ಗುಂಪುಗಳು, 2016ರಲ್ಲಿ ತೋರಿಸಿದಂತೆ, ಕಾರ್ಖಾನೆಯ ಪಾಸ್‌ವರ್ಡನ್ನೇ ಇಟ್ಟುಕೊಂಡ ಕ್ಯಾಮೆರಾಗಳು ತಮ್ಮ ನಿಜವಿಳಾಸದಿಂದಲೇ ಮುತ್ತಿಗೆ ಹಾಕಬಲ್ಲವಾದ್ದರಿಂದ ಬಿಸಿಪಿ 38 ಸರ್ವರೋಗ ನಿವಾರಕವಂತೂ ಅಲ್ಲ. ಆದರೆ ಸರ್ವರ್‌ಗೆ ಬರುವ ಸಂಪರ್ಕದ ಮಾರ್ಗವೇ ತುಂಬಿಹೋದ ಮೇಲೆ ಸರ್ವರಿನೊಳಗೆ ಎಷ್ಟೇ ಜಾಣತನ ಮೆರೆದರೂ ಅದು ವ್ಯರ್ಥ.

ಓದುಗರಲ್ಲಿ ಮನವಿಯಿಷ್ಟೆ: ತಮ್ಮ ಜಾಲ ಸುಳ್ಳು ವಿಳಾಸವನ್ನು ಹೊರಬಿಡುತ್ತದೆಯೇ ಎಂದು ಪರೀಕ್ಷಿಸಲು ಅಮೆರಿಕದ ಸ್ಯಾನ್ ಡಿಯೇಗೊದ ಕಾಯ್ಡಾ ಸಂಶೋಧನಾ ಕೇಂದ್ರವು ಸ್ಪೂಫರ್ ಎಂಬ ತಂತ್ರಾಂಶವನ್ನು ಉಚಿತವಾಗಿ ನೀಡಿದೆ. ಮುಂದಿನ ಬಾರಿ ಸಂಪರ್ಕ ನವೀಕರಿಸುವ ಮುನ್ನ ಆ ಪರೀಕ್ಷೆ ನಡೆಸಿ, ಬಂದ ಫಲಿತಾಂಶವನ್ನು ಸೇವಾದಾತರ ಮುಂದಿಟ್ಟು, ಬಿಸಿಪಿ 38 ಪಾಲಿಸುತ್ತೀರೋ ಇಲ್ಲವೋ ಎಂದು ಲಿಖಿತ ಉತ್ತರ ಕೇಳಬೇಕು.

ಇಂತಿ,
ಕೇಳದ ಉತ್ತರಗಳನ್ನು ಸ್ವೀಕರಿಸಿ ಬಸವಳಿದ ಸರ್ವರುಗಳ ಪರವಾಗಿ